ಕುಮಾಸಿಯ ತವರು

ಪಶ್ಚಿಮ ಸಿಡ್ನಿಯ ಹೆರಿಗೆ ವಾರ್ಡುಗಳಲ್ಲಿ ಮೂರೂವರೆ ದಶಕಗಳ ಕಾಲ ದುಡಿದು, ಲೆಕ್ಕವಿಲ್ಲದಷ್ಟು ತಾಯಂದಿರ ಕೈ ಹಿಡಿದು, ನನ್ನಂಥ ಹಲವು ಮಿಡ್‌ವೈಫ್‌ಗಳನ್ನು ತಿದ್ದಿ ತೀಡಿ ನಿಲ್ಲಿಸಿದ ಶ್ರೀಮತಿ ನೀಲಾಂಬಿಕಾ ಅವರು ಈ ವರ್ಷ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಈ ದೇಶದಲ್ಲಿ ಹೆರಿಗೆ ಶುಶ್ರೂಷೆಯನ್ನು ಕಲಿಸುವವರ ಸಾಲಿನಲ್ಲಿ ಅವರಿಗೆ ಸಂದಿರುವ ಸ್ಥಾನ ಎಂಥದೆಂಬುದನ್ನು ಈ ಸಂಪುಟದ ಹಿರಿಯ ಲೇಖಕರು ಬರೆದಿದ್ದಾರೆ. ನನ್ನ ಪಾಲಿಗೆ ಬಂದದ್ದು ಅವರ ಬಾಲ್ಯ ಮತ್ತು ಶಾಲೆಯ ದಿನಗಳು. ಸಂತೋಷದಿಂದ ಒಪ್ಪಿಕೊಂಡೆ. ಆದರೆ ಬರೆಯುತ್ತಿರುವುದು ಮಾತ್ರ ಸಿಟ್ಟಿನಿಂದ. ಅಭಿನಂದನ ಗ್ರಂಥದಲ್ಲಿ ಸಿಟ್ಟು ಶೋಭಿಸುವುದಿಲ್ಲವೆಂದು ನನಗೂ ಗೊತ್ತು. ಓದುಗರು ಕ್ಷಮಿಸಬೇಕು, ಕ್ಷಮಿಸದಿದ್ದರೂ ಕೊನೆಯವರೆಗೆ ಓದಬೇಕು.

ಸಿಟ್ಟಿಗೆ ಕಾರಣ ಹೇಳುತ್ತೇನೆ. ನಮ್ಮ ಅಭಿನಂದನ ಸಮಿತಿಯವರು ಸಭೆಯಲ್ಲಿ ಓದಲೆಂದು ಸಿದ್ಧಪಡಿಸಿದ ಪರಿಚಯದಲ್ಲಿ ಹೀಗಿದೆ: ‘ಧಾರವಾಡದಲ್ಲಿ ಜನಿಸಿದ ಶ್ರೀಮತಿಯವರು ಬಾಲ್ಯವನ್ನು ವಿದೇಶದಲ್ಲಿ ಕಳೆದು, ಹುಬ್ಬಳ್ಳಿಯಲ್ಲಿ ಶುಶ್ರೂಷಾ ಶಿಕ್ಷಣ ಪಡೆದರು.’ ವಿದೇಶವಂತೆ! ಆ ವಿದೇಶಕ್ಕೊಂದು ಹೆಸರಿಲ್ಲವೆ? ನಾಲ್ಕನೆಯ ವಯಸ್ಸಿನಿಂದ ಹದಿನೇಳರವರೆಗೆ ನೀಲಾಂಬಿಕಾ ಅವರು ಬೆಳೆದದ್ದು, ಅಕ್ಷರ ಕಲಿತದ್ದು, ತಾಯಿಯನ್ನು ಕಳೆದುಕೊಂಡದ್ದು ಪಶ್ಚಿಮ ಆಫ್ರಿಕಾದ ಘಾನಾ ದೇಶದ ಕುಮಾಸಿ ನಗರದಲ್ಲಿ. ಅದು ಲಂಡನ್ ಆಗಿದ್ದರೆ ಇದೇ ಸಮಿತಿ ದಪ್ಪಕ್ಷರದಲ್ಲಿ ಮುಖಪುಟದ ಮೇಲೆ ಹಾಕುತ್ತಿತ್ತು. ಈ ಮಾತನ್ನು ಸಮಿತಿಯ ಅಧ್ಯಕ್ಷರೂ ಈ ಸಂಪುಟದ ಸಂಪಾದಕರೂ ಆದ ಚಕ್ರಪಾಣಿಯವರಿಗೆ ಫೋನಿನಲ್ಲಿಯೇ ಹೇಳಿದ್ದೇನೆ.

“ಮಹಾಶ್ವೇತಾ ಮೇಡಂ, ಬೇಜಾರ್ ಮಾಡ್ಕೋಬೇಡಿ, ಘಾನಾ ಅಂದ್ರೆ ಆಡಿಯನ್ಸ್‌ಗೆ ಕನೆಕ್ಟ್ ಆಗಲ್ಲ. ಎರಡು ಲೈನ್ ಸಾಕು. ಧಾರವಾಡದ್ದು ಚೆನ್ನಾಗಿ ಎಲಾಬರೇಟ್ ಮಾಡಿ,” ಎಂದರು ಅವರು.

ಧಾರವಾಡದಲ್ಲಿ ನೀಲಾಂಬಿಕಾ ಅವರು ಇದ್ದದ್ದು ಕೂಸಾಗಿ. ತೊಟ್ಟಿಲಿನ ಬಗ್ಗೆ ಎಷ್ಟು ಪುಟ ಬರೆಯಲಿ?

ಇಷ್ಟೇ ಆಗಿದ್ದರೆ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆನೇನೋ. ಆದರೆ ಉಡಿ ತುಂಬುವ ವಿಚಾರ ಬಂತು. ನಮ್ಮ ಉತ್ತರ ಕರ್ನಾಟಕದ ಕಡೆ ಹೆಣ್ಣುಮಗಳನ್ನು ಗೌರವಿಸಬೇಕಾದರೆ ಶಾಲು, ಹಾರ, ಫಲಪುಷ್ಪ ಮುಗಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ತವರಿನವರು ಎದುರು ನಿಂತು ಅವಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಅರಿಸಿನದ ಬೇರು, ಕುಪ್ಪಸದ ಖಣ ಇಟ್ಟು ಉಡಿ ತುಂಬಬೇಕು. ಸಮಿತಿಯವರು ಇದನ್ನು ಕಾರ್ಯಕ್ರಮದಲ್ಲಿ ಸೇರಿಸಿದ್ದು ನಿಜಕ್ಕೂ ಒಳ್ಳೆಯ ಮನಸ್ಸಿನಿಂದಲೇ. ಆದರೆ ತವರಿನವರನ್ನು ಎಲ್ಲಿಂದ ತರುವುದು? ಅವರು ಊರು ನೋಡಿ ಹುಡುಕಿದರು. ಹುಬ್ಬಳ್ಳಿಯ ಚನ್ನಕ್ಕನವರು ಸಿಡ್ನಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಹುಬ್ಬಳ್ಳಿಗೂ ಧಾರವಾಡಕ್ಕೂ ಸಿಟಿ ಬಸ್ಸಿದೆ. ಆದ್ದರಿಂದ ಚನ್ನಕ್ಕನೇ ತವರು! ನೀಲಾಂಬಿಕಾ ಅವರನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಮೆಲ್ಬೋರ್ನಿನ ಕ್ಲೈಡ್ ನಾರ್ತ್‌ನಲ್ಲಿದ್ದಾರೆ, ಅವರನ್ನು ಕರೆಸಿ ಎಂದು ನಾನು ಹೇಳಿದಾಗ ಚಕ್ರಪಾಣಿಯವರು ದನಿ ತಗ್ಗಿಸಿದರು.

“ಅವರು ಆಫ್ರಿಕನ್ ಅಲ್ವಾ ಮೇಡಂ? ಸ್ಟೇಜ್ ಮೇಲೆ ಜನ ಏನಂದ್ಕೋತಾರೆ? ಅದೂ ಅಲ್ದೆ, ಅವರು ವಿಡೋ ಅಂತ ಕೇಳ್ದೆ.”

ಆ ಆಫ್ರಿಕನ್ ವಿಡೋ ಯಾರೆಂಬುದನ್ನು ಸಮಿತಿಯವರೂ ಆಡಿಯನ್ಸಿನವರೂ ತಿಳಿದುಕೊಳ್ಳಲಿ ಎಂದು ಈ ಲೇಖನ.

ನೀಲಾಂಬಿಕಾ ಅವರ ತಂದೆ ಗುರುಪಾದಪ್ಪ ಮಾಸ್ತರರು ಗಣಿತದ ಶಿಕ್ಷಕರು. ಹೊಸದಾಗಿ ಸ್ವತಂತ್ರವಾಗಿದ್ದ ಘಾನಾಕ್ಕೆ ಆಗ ಮೇಷ್ಟರುಗಳು ಬೇಕಾಗಿದ್ದರು. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಅವರು ಹೆಂಡತಿ ಬಸಕ್ಕ ಮತ್ತು ಒಬ್ಬಳೇ ಮಗಳನ್ನು ಕರೆದುಕೊಂಡು ಹಡಗು ಹತ್ತಿದರು. ಕುಮಾಸಿಯ ಶಾಲೆಯೊಂದರ ಆವರಣದಲ್ಲಿ ಅವರಿಗೆ ತಗಡಿನ ಮಾಡಿನ ಮನೆ ಕೊಟ್ಟರು. ಪಕ್ಕದ ಮನೆಯಲ್ಲಿದ್ದವರು ಅದೇ ಶಾಲೆಯ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಅಬೆನಾ ಎಂಬ ಹೆಂಗಸು, ಮತ್ತು ಅವರ ಮಗಳು ಕಂಫರ್ಟ್. ಕಂಫರ್ಟ್ ನೀಲಾಂಬಿಕಾ ಅವರಿಗಿಂತ ಆರು ವರ್ಷ ದೊಡ್ಡವಳು.

ಆ ಸೀಮೆಯಲ್ಲಿ ಮಗು ಹುಟ್ಟಿದ ವಾರವೇ ಅದಕ್ಕೆ ಮೊದಲ ಹೆಸರು. ಮುದ್ದಾದ ಈ ಕೂಸು ಯಾವ ವಾರದ್ದೆಂದು ಅಬೆನಾ ಕೇಳಿದರು. ಶುಕ್ರವಾರ ಎಂದು ತಿಳಿದೊಡನೆ ‘ಅಫುವಾ’ ಎಂದು ಕರೆದೇಬಿಟ್ಟರು. ಬಸಕ್ಕನಿಗೆ ಇಂಗ್ಲಿಷ್ ಬಾರದು, ಅಬೆನಾಗೆ ಕನ್ನಡ ಬಾರದು. ಆದರೂ ಇಬ್ಬರೂ ದಿನವಿಡೀ ಮಾತಾಡುತ್ತಿದ್ದರಂತೆ. ಘಾನಾದಲ್ಲಿ ಶೇಂಗಾಕ್ಕೆ ಬರವಿಲ್ಲ. ಅಬೆನಾ ಶೇಂಗಾ ಅರೆದು ಸಾರು ಮಾಡಿದರೆ, ಬಸಕ್ಕ ಹುರಿದು ಖಾರ ಹಾಕಿ ಚಟ್ನಿಪುಡಿ ಕುಟ್ಟುತ್ತಿದ್ದರು. ಮಾಂಸ ಮುಟ್ಟದ ಈ ಲಿಂಗಾಯತ ಮನೆಗೆಂದು ಅಬೆನಾ ಬೇರೆಯೇ ಗಡಿಗೆ ಇಟ್ಟು ಸಾರು ಕಾಯಿಸುತ್ತಿದ್ದರಂತೆ. ಪಾರ್ಟಿಗಳಲ್ಲಿ ವೆಜ್ ಟ್ರೇಗೆ ನಾನ್‌ವೆಜ್ ಸೌಟು ಅದ್ದುವ ನಾವು ಇದನ್ನು ಸ್ವಲ್ಪ ಗಮನಿಸಬೇಕು.

ಶಾಲೆಗೆ ಸೇರಿಸುವ ದಿನ ಮನೆಯಲ್ಲಿ ರಾದ್ಧಾಂತವಾಯಿತು. ಅಲ್ಲಿ ಶಾಲೆಗೆ ಹೋಗುವ ಹುಡುಗಿಯರೆಲ್ಲ ಕೂದಲನ್ನು ತೀರ ಮೋಟಾಗಿ ಕತ್ತರಿಸಿಕೊಳ್ಳಬೇಕಿತ್ತು. ಎಣ್ಣೆ ಹಚ್ಚಿ ಬೆಳೆಸಿದ ಜಡೆಯನ್ನು ಹಿಡಿದುಕೊಂಡು ಬಸಕ್ಕ ಅತ್ತರು. ಪರದೇಶದವರಿಗೆ ವಿನಾಯಿತಿ ಕೊಡುತ್ತೇವೆಂದು ಹೆಡ್‌ಮಾಸ್ಟರು ಹೇಳಿ ಕಳಿಸಿದರು. ಹಟ ಹಿಡಿದದ್ದು ನೀಲಾಂಬಿಕಾ. ಕಂಫರ್ಟ್‌ಗೆ ಇಲ್ಲದ ಜಡೆ ತನಗೂ ಬೇಡವೆಂದು ಕೂತುಬಿಟ್ಟರು. ಕೊನೆಗೆ ಅಬೆನಾ ಕತ್ತರಿ ಹಿಡಿದರು, ಕಂಫರ್ಟ್ ಕೈ ಹಿಡಿದುಕೊಂಡಳು, ಬಸಕ್ಕ ಕಣ್ಣು ಮುಚ್ಚಿಕೊಂಡರು. ಮರುದಿನ ಕೆಂಪು ದೂಳಿನ ದಾರಿಯಲ್ಲಿ ಇಬ್ಬರು ಬೋಳುತಲೆಯ ಹುಡುಗಿಯರು ಒಂದೇ ಬಣ್ಣದ ಸಮವಸ್ತ್ರದಲ್ಲಿ ಶಾಲೆಗೆ ಹೋದರು.

ಆ ಶಾಲೆ ಹೂವಿನ ಹಾಸಿಗೆಯೇನಲ್ಲ. ಬೆಳಿಗ್ಗೆ ಸಾಲಾಗಿ ನಿಲ್ಲಿಸಿ ಉಗುರು ನೋಡುತ್ತಿದ್ದರು. ಶನಿವಾರ ಉದ್ದ ಮಚ್ಚು ಕೊಟ್ಟು ಹುಲ್ಲು ಕೊಯ್ಯಿಸುತ್ತಿದ್ದರು. ಹಿರಿಯರಿಗೆ ಏನನ್ನಾದರೂ ಎಡಗೈಯಿಂದ ಕೊಟ್ಟರೆ ಬೆನ್ನಿಗೆ ಗುದ್ದು. ನಮ್ಮ ಸಮಾರಂಭಗಳಲ್ಲಿ ಯಾರೋ ಒಮ್ಮೆ ನೀಲಾಂಬಿಕಾ ಅವರನ್ನು, “ಆಫ್ರಿಕಾದಲ್ಲಾ ಆಂಟಿ? ಭಯ ಆಗ್ತಿರ್ಲಿಲ್ವಾ?” ಎಂದು ಕೇಳಿದ್ದರು.

“ಆಗ್ತಿತ್ತವ್ವಾ. ಗಣಿತದ ಮಾಸ್ತರ ಕಂಡ್ರ ಭಾಳ ಭಯ ಆಗ್ತಿತ್ತು. ಅವರು ನಮ್ಮಪ್ಪ,” ಎಂದು ಇವರು ನಕ್ಕು ಮುಂದೆ ಹೋದರು. ನನಗೆ ಹಾಗೆ ನಗಲು ಬರುವುದಿಲ್ಲ.

ನೀಲಾಂಬಿಕಾ ಅವರಿಗೆ ಒಂಬತ್ತು ವರ್ಷವಾಗಿದ್ದಾಗ ಬಸಕ್ಕ ಜ್ವರ ಬಂದು ತೀರಿಕೊಂಡರು. ಲಿಂಗಾಯತರಲ್ಲಿ ಹೂಳುವ ಪದ್ಧತಿ. ಅಲ್ಲಿ ಸ್ವಾಮಿಗಳಿಲ್ಲ, ಬಂಧುಗಳಿಲ್ಲ; ಹಣೆಗೆ ವಿಭೂತಿಯನ್ನು ಗುರುಪಾದಪ್ಪನವರೇ ಹಚ್ಚಿದರು. ಸಮಾಧಿ ತೋಡಿದವರು ಶಾಲೆಯ ಮೇಷ್ಟರುಗಳು. ಆಮೇಲೆ ಅಬೆನಾ ತಮ್ಮ ಬಳಗವನ್ನೆಲ್ಲ ಕರೆಸಿದರು. ಅವರ ಪದ್ಧತಿಯಂತೆ ಕಪ್ಪು, ಕೆಂಪು ಬಟ್ಟೆ ಉಟ್ಟ ಹೆಂಗಸರು ಆ ತಗಡಿನ ಮನೆಯ ಮುಂದೆ ವಾರವಿಡೀ ಬಂದು ಕೂತರು. ನಮ್ಮವರೊಬ್ಬರೂ ಇಲ್ಲದ ಊರಿನಲ್ಲಿ ಬಸಕ್ಕನಿಗಾಗಿ ಅಷ್ಟು ಜನ ಅತ್ತರು. ಮಾಸ್ತರರು ಊರಿಗೆ ಮರಳುವ ಮಾತಾಡಲಿಲ್ಲ. ಆ ಮಣ್ಣನ್ನು ಬಿಟ್ಟು ಹೋಗಲು ಮನಸ್ಸಾಗಲಿಲ್ಲ.

ಅಲ್ಲಿಂದ ಮುಂದೆ ನೀಲಾಂಬಿಕಾ ಅವರ ಊಟ, ನಿದ್ದೆ, ಜ್ವರ, ಜಗಳ ಎಲ್ಲ ಅಬೆನಾ ಮನೆಯಲ್ಲಿ. ಮತ್ತೊಂದು ಸಂಗತಿಯನ್ನು ನಾನು ಕೇಳಿದ್ದು ಕ್ಲೈಡ್ ನಾರ್ತ್‌ನ ಮನೆಯಲ್ಲಿ, ಕಂಫರ್ಟ್ ಅವರ ಬಾಯಿಂದಲೇ. ಬಸಕ್ಕ ಬದುಕಿದ್ದಾಗ ಸಂಜೆ ಮಗಳನ್ನು ಪಾಟಿ ಕೊಟ್ಟು ಕೂರಿಸಿ ಕನ್ನಡ ಅಕ್ಷರ ತಿದ್ದಿಸುತ್ತಿದ್ದರು. ಕಂಫರ್ಟ್ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ತಾಯಿ ಹೋದ ಮೇಲೆ ಮಾಸ್ತರರು ಆ ಪಾಟಿ ಮುಟ್ಟುತ್ತಿರಲಿಲ್ಲ. ಆಗ ಕಂಫರ್ಟ್ ತಾನೇ ಪಾಟಿ ಒರೆಸಿ ತಂದು ತಂಗಿಯ ಮುಂದಿಡತೊಡಗಿದಳು. ಅವಳಿಗೆ ಆ ಅಕ್ಷರಗಳು ಗೊತ್ತಿರಲಿಲ್ಲ. ಪಾಟಿ ಮೇಲಿನಿಂದ ಕೆಳಗಿನವರೆಗೆ ತುಂಬಬೇಕು ಎಂಬುದಷ್ಟೇ ಗೊತ್ತಿತ್ತು. ತಂಗಿ ಒಂದು ಅಕ್ಷರ ಬರೆದು ನಿಲ್ಲಿಸಿದರೆ ಬಸಕ್ಕನ ದನಿಯಲ್ಲೇ “ಮುಂದ?” ಎನ್ನುತ್ತಿದ್ದಳು. ಮತ್ತೊಂದು ಬರೆದರೆ ಮತ್ತೆ “ಮುಂದ?” ವರ್ಷಗಟ್ಟಲೆ ಹೀಗೆ ನಡೆಯಿತು. ಇವತ್ತು ನೀಲಾಂಬಿಕಾ ಅವರು ಕನ್ನಡದಲ್ಲಿ ಓದಿ ಬರೆಯುತ್ತಾರೆ, ನಮ್ಮ ಸಂಘದ ಪತ್ರಿಕೆಗೆ ಅಂಕಣ ಬರೆದುಕೊಟ್ಟಿದ್ದಾರೆ ಎಂದರೆ ಅದಕ್ಕೆ ಕಾರಣ ಕನ್ನಡ ಬಾರದ ಈ ಹುಡುಗಿ. ಶನಿವಾರದ ಕನ್ನಡ ಶಾಲೆಗೆ ಮಕ್ಕಳನ್ನು ಬಿಟ್ಟು, ವಾಪಸು ಕರೆದೊಯ್ಯುವಾಗ ಕಾರಿನಲ್ಲಿ ಇಂಗ್ಲಿಷ್ ಮಾತಾಡುವ ನಾವು, ನಾನೂ ಸೇರಿದಂತೆ, ಆಕೆಯ ಎದುರು ಕನ್ನಡಾಭಿಮಾನದ ಮಾತೆತ್ತುವ ಹಾಗಿಲ್ಲ.

ಪರೀಕ್ಷೆ ಮುಗಿದು, ಮುಂದಿನ ಓದಿಗೆಂದು ತಂದೆಯೊಡನೆ ಊರಿಗೆ ಹೊರಟ ದಿನ ನಡೆದದ್ದನ್ನು ಸಮಿತಿಯವರು ಎರಡು ಸಲ ಓದಬೇಕು. ಬಸಕ್ಕ ತಮ್ಮ ಮನೆಯಿಂದ ಹೊರಟ ಯಾವ ಹೆಂಗಸನ್ನೂ ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ; ಅಬೆನಾ ದೂರದ ಊರಿಗೆ ಹೊರಟಾಗಲೆಲ್ಲ ಅವರು ಸುತ್ತಿಕೊಂಡ ಬಟ್ಟೆಯ ಅಂಚಿನಲ್ಲೇ ಉಡಿ ತುಂಬುತ್ತಿದ್ದರು. ಅಬೆನಾ ಅದನ್ನು ಮರೆತಿರಲಿಲ್ಲ. ಹೊರಟು ನಿಂತ ಹದಿನೇಳರ ಹುಡುಗಿಯನ್ನು ಬಾಗಿಲಲ್ಲಿ ತಡೆದು ಅಕ್ಕಿ, ತೆಂಗಿನಕಾಯಿ, ಒಂದು ತುಂಡು ಹೂವಿನ ಚಿತ್ತಾರದ ಬಟ್ಟೆ ತಂದರು. ಹುಡುಗಿ ಫ್ರಾಕು ತೊಟ್ಟಿದ್ದಳು, ಸೆರಗಿರಲಿಲ್ಲ. ಕಂಫರ್ಟ್ ತನ್ನ ಹೆಗಲ ಬಟ್ಟೆಯನ್ನೇ ತಂಗಿಯ ಸೊಂಟಕ್ಕೆ ಕಟ್ಟಿ ಸೆರಗು ಮಾಡಿಕೊಟ್ಟಳು. ಉಡಿ ತುಂಬುವ ಹಕ್ಕು ಯಾರಿಗಿದೆ ಎಂದು ಚರ್ಚಿಸಲು ನಾವು ಯಾರು? ಅದು ಅರ್ಧ ಶತಮಾನದ ಹಿಂದೆಯೇ ತೀರ್ಮಾನವಾಗಿದೆ.

ಊರಿನಲ್ಲಿ ಆದ ಸ್ವಾಗತವೋ! “ಅಲ್ಲಿ ಮಂದಿ ಅರಿವಿ ಹಾಕ್ಕೋತಾರೇನು?” ಎಂದು ಸೋದರತ್ತೆಯೊಬ್ಬರು ಕೇಳಿದರು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುವಾಗ ಹಾಸ್ಟೆಲಿನ ಹುಡುಗಿಯರು ಮೋಟುಗೂದಲನ್ನು ನೋಡಿ ಇಟ್ಟ ಅಡ್ಡಹೆಸರನ್ನು ಇಲ್ಲಿ ಬರೆಯಲು ನನಗೆ ನಾಚಿಕೆ. ನೀಲಾಂಬಿಕಾ ಅವರು ಓದು ಮುಗಿಸಿ, ಎಂಜಿನಿಯರರಾದ ಶಿವಪುತ್ರ ಅವರನ್ನು ಮದುವೆಯಾಗಿ, ಎಂಬತ್ತರ ದಶಕದ ಕೊನೆಗೆ ಸಿಡ್ನಿಗೆ ಬಂದರು. ಅಂದಿನಿಂದ ಹೆರಿಗೆ ವಾರ್ಡೇ ಅವರ ಜಗತ್ತು.

ನಾನು ಅವರನ್ನು ಕಂಡದ್ದು ವೆಸ್ಟ್‌ಮೀಡ್ ಸ್ಟೇಷನ್ನಿನ ಹತ್ತಿರ ಬಾಡಿಗೆ ಫ್ಲ್ಯಾಟ್ ಹಿಡಿದು, ಮೊದಲ ಕೆಲಸಕ್ಕೆ ಸೇರಿದ ವಾರ. ಪಾಳಿ ಬದಲಾಗುವಾಗ ನಾನು ಕೊಟ್ಟ ವರದಿಯ ಇಂಗ್ಲಿಷನ್ನು ಹಿರಿಯ ಸಿಬ್ಬಂದಿಯೊಬ್ಬರು ಎಲ್ಲರೆದುರು ಅಣಕಿಸಿದ್ದರು. ನಾನು ಬಟ್ಟೆಬರೆ ಇಡುವ ಕೋಣೆಯಲ್ಲಿ ನಿಂತು ಅಳುತ್ತಿದ್ದೆ. ನೀಲಾಂಬಿಕಾ ಅವರು ಬಂದು, ಸಮಾಧಾನದ ಒಂದು ಮಾತೂ ಆಡದೆ, “ಊಟ ಆತೇನು?” ಎಂದರು. ತಮ್ಮ ಡಬ್ಬಿಯ ಅನ್ನ, ಶೇಂಗಾ ಸಾರು ಅರ್ಧ ನನಗೆ ಬಡಿಸಿದರು. ಮರುದಿನ ವರದಿಯನ್ನು ಮೊದಲು ನಾನೇ, ಗಟ್ಟಿಯಾಗಿ, ಕೊಡುವಂತೆ ಮಾಡಿ ನನ್ನ ಹಿಂದೆ ಕೈ ಕಟ್ಟಿ ನಿಂತರು. ಯಾರೂ ಅಣಕಿಸಲಿಲ್ಲ.

ಕಲಿಯುವ ನಮ್ಮಲ್ಲಿ ಯಾರಾದರೂ ಬಾಣಂತಿಗೆ ಎಡಗೈಯಿಂದ ನೀರು ಕೊಟ್ಟರೆ ಅವರು ಸಹಿಸುತ್ತಿರಲಿಲ್ಲ. ಧಾರವಾಡದ ಸಂಸ್ಕಾರ ನೋಡಿ ಎಂದು ನಾನೊಮ್ಮೆ ಹೊಗಳಿದೆ. “ಅಲ್ಲವ್ವಾ ಶ್ವೇತಾ, ಇದು ಕುಮಾಸಿದು. ಧಾರವಾಡದಾಗೂ ಇರಬೇಕು, ನನಗ ನೆನಪಿಲ್ಲ,” ಎಂದರು.

ಇನ್ನೊಂದು ದಿನವನ್ನು ನಾನು ಮರೆಯಲಾರೆ. ಹೆರಿಗೆಗೆ ಬಂದ ಘಾನಾದ ಎಳೆಯ ಹೆಣ್ಣುಮಗಳೊಬ್ಬಳು ಯಾವ ಪ್ರಶ್ನೆಗೂ ಉತ್ತರಿಸದೆ ಗೋಡೆಯತ್ತ ಮುಖ ಮಾಡಿದ್ದಳು. ವೈದ್ಯರು ಆಕೆ ಸಹಕರಿಸುತ್ತಿಲ್ಲವೆಂದು ಬರೆದು ಹೊರಡುವವರಿದ್ದರು. ನೀಲಾಂಬಿಕಾ ಅವರು ಬಂದು ಆಕೆಯ ತಲೆಯ ಬಳಿ ಬಗ್ಗಿ, ಕುಮಾಸಿಯ ಮಾತಿನಲ್ಲಿ, ನೀನು ಯಾವ ವಾರ ಹುಟ್ಟಿದವಳು ಎಂದು ಕೇಳಿದರು. ಆ ಹುಡುಗಿ ತಿರುಗಿ ನೋಡಿದಳು; ಕೈ ಹಿಡಿದುಕೊಂಡು ಅತ್ತಳು; ಆಮೇಲೆ ಎಲ್ಲಿ ನೋಯುತ್ತಿದೆ ಎಂದು ಹೇಳಿದಳು. ಹೇಳದಿದ್ದರೆ ಮಗು ಉಳಿಯುತ್ತಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ನೀಲಾಂಬಿಕಾ ಅವರು ವೈದ್ಯರನ್ನು ಕರೆದು, ಸಹಕರಿಸದವರು ನಾವು, ಅದನ್ನೇ ಬರೆಯಿರಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಇಂಥ ಕೆಲಸಗಳಿಗಾಗಿಯೇ ತಾನೆ ನಾವು ಅವರಿಗೆ ಶಾಲು ಹೊದಿಸುವುದು? ಹಾಗಿದ್ದ ಮೇಲೆ ಈ ಗುಣ ಬಂದ ಊರಿನ ಹೆಸರು ಹೇಳಲು ನಮಗೇಕೆ ನಾಲಿಗೆ ಏಳುವುದಿಲ್ಲ?

ಕಂಫರ್ಟ್ ಅವರು ಕೆಲವು ವರ್ಷಗಳ ಹಿಂದೆ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಮಗನ ಮನೆಗೆ, ಕ್ಲೈಡ್ ನಾರ್ತ್‌ಗೆ ಬಂದರು. ಅಂದಿನಿಂದ ನೀಲಾಂಬಿಕಾ ಅವರಿಗೆ ರಜೆ ಎಂದರೆ ಮೆಲ್ಬೋರ್ನ್. ಒಂದೇ ಥರದ ಹೊಸ ಮನೆಗಳ ಆ ಬೀದಿಯಲ್ಲಿ ಆ ಮನೆಯನ್ನು ಗುರುತಿಸುವುದು ಸುಲಭ, ಕಂಫರ್ಟ್ ಹೊರಗೇ ನಿಂತಿರುತ್ತಾರೆ. ಎಪ್ಪತ್ತು ದಾಟಿದ ಅಕ್ಕ ನಿವೃತ್ತಿಯ ಅಂಚಿನ ತಂಗಿಯ ಕೆನ್ನೆ ಹಿಡಿದು, ಬಸಕ್ಕನಿಂದ ಕಿವಿಗೆ ಬಿದ್ದು ಉಳಿದ ನಾಲ್ಕು ಕನ್ನಡ ಮಾತಿನಲ್ಲಿ, “ಸೊರಗೀ ನೀಲವ್ವಾ, ಉಣ್ಣ ಬಾ,” ಎನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ಸಮಿತಿಯ ಕೊನೆಯ ಸಭೆ. ಹ್ಯಾರಿಸ್ ಪಾರ್ಕ್‌ನ ಹೋಟೆಲೊಂದರಲ್ಲಿ ಸೇರಿದ್ದೆವು. ನೀಲಾಂಬಿಕಾ ಅವರೂ ಬಂದಿದ್ದರು. ಈ ವಿಷಯದಲ್ಲಿ ಅವರು ಅಲ್ಲಿಯವರೆಗೆ ಆಡಿದ್ದು ಒಂದೇ ಮಾತು, “ಹೋಗ್ಲಿ ಬಿಡ್ರಿ.” ಮೂರು ದಿನದ ಹಿಂದಷ್ಟೇ ಮೆಲ್ಬೋರ್ನಿನ ಮಗಳ ಮನೆಯಿಂದ ಮರಳಿದ್ದ ಚನ್ನಕ್ಕನವರಿಗೆ ಚಕ್ರಪಾಣಿಯವರು ಉಡಿ ಯಾವಾಗ, ಎಲ್ಲಿ ನಿಂತು ತುಂಬಬೇಕೆಂದು ವಿವರಿಸತೊಡಗಿದರು. ಚನ್ನಕ್ಕ ದೋಸೆಯ ತಟ್ಟೆ ಸರಿಸಿದರು.

“ನಾ ತುಂಬಾಂಗಿಲ್ರಿ. ನನ್ನ ಮಗಳ ಮನಿನೂ ಅಲ್ಲೇ, ಕ್ಲೈಡ್ ನಾರ್ತ್‌ದಾಗ. ಆ ಕಂಫರ್ಟವ್ವನ್ನ ನೋಡಿ ಬಂದೀನಿ. ಬಾಗಲದಾಗ ನಿಂತು ‘ಉಣ್ಣ ಬಾರವ್ವಾ’ ಅಂದ್ಲು. ನನ್ನ ಮೊಮ್ಮಕ್ಕಳ ಬಾಯಾಗ ಬರಲಾರದ ಮಾತ್ರಿ ಅದು! ಅಕ್ಕ ಅಲ್ಲಿ ಕುಂತಿರೂಮುಂದ ನಾ ಯಾವ ಮುಖ ಇಟ್ಕೊಂಡು ತವರು ಅಂತ ನಿಂದರ್ಲಿ?”

“ಅದಲ್ಲ ಆಂಟಿ, ಸುಮಂಗಲಿಯರೇ ತುಂಬ್ಬೇಕು ಅಂತ ಒಂದು ಸಂಪ್ರದಾಯ ಇದ್ಯಲ್ವಾ...”

“ಅಕ್ಕ ತಂಗಿ ಸೆರಗಿಗೆ ಅಕ್ಕಿ ಹಾಕಾಕ ಗಂಡನ ಅಪ್ಪಣಿ ಬೇಕೇನು? ಅದೂ ಸತ್ತ ಗಂಡಂದು?”

ಆಗ ನೀಲಾಂಬಿಕಾ ಅವರು ಮಾತಾಡಿದರು. ದನಿ ಏರಿಸಲಿಲ್ಲ. “ಚಕ್ರಪಾಣಿಯವರ, ನಮ್ಮವ್ವ ಕುಮಾಸಿ ಮಣ್ಣಾಗ ಮಲಗ್ಯಾಳ. ಆಕಿ ಹೋದ ಮ್ಯಾಲೆ ನನ್ನ ಪಾಟಿ ಒರಿಸಿದ ಕೈ ನಿಮ್ಮ ವೇದಿಕೆಗೆ ಹೊಲಸಾದ್ರ, ನಾ ಆ ವೇದಿಕೆ ಹತ್ತಂಗಿಲ್ಲ. ಶಾಲು ಯಾರಿಗಾದ್ರೂ ಹೊಚ್ರಿ.”

ಚಕ್ರಪಾಣಿಯವರು ಕೆಟ್ಟವರಲ್ಲ, ಮುಖ ಕೆಂಪಾಯಿತು, ಕ್ಷಮೆ ಕೇಳಿದರು, ಕಂಫರ್ಟ್ ಅವರಿಗೆ ಅಲ್ಲೇ ಕೂತು ಟಿಕೆಟ್ ಬುಕ್ ಮಾಡಿದರು. ನನ್ನ ಈ ಲೇಖನವನ್ನೂ ಒಂದಕ್ಷರ ಕತ್ತರಿಸದೆ ಅಚ್ಚು ಹಾಕುವುದಾಗಿ ಮಾತು ಕೊಟ್ಟರು. ಎಲ್ಲ ಸರಿಹೋಯಿತು ಎಂದುಕೊಂಡೆವು. ಮೆಟ್ಟಿಲಿಳಿಯುವಾಗ ಅವರು ನನ್ನನ್ನು ಪಕ್ಕಕ್ಕೆ ಕರೆದು, “ಮೇಡಂ, ಅನೌನ್ಸ್ ಮಾಡುವಾಗ ಸುಮ್ನೆ ‘ಫ್ಯಾಮಿಲಿ ಫ್ರೆಂಡ್’ ಅಂದ್ಬಿಡೋಣ, ಸೇಫ್ ಆಗಿರುತ್ತೆ,” ಎಂದರು. ಹೀಗಾಗಿ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಪೂಜ್ಯ ನೀಲಾಂಬಿಕಾ ಅವರೆ, ನಿಮಗೆ ನೂರು ವರ್ಷದ ಆಯುಷ್ಯವಿರಲಿ, ಕಣ್ಣು ಕೈ ಗಟ್ಟಿಯಾಗಿರಲಿ. ವಾರ್ಡಿನಿಂದ ನಿವೃತ್ತರಾದರೂ ಕಲಿಸುವುದರಿಂದ ನಿವೃತ್ತರಾಗಬೇಡಿ. ಹೊಸದಾಗಿ ಬರುವ ಹುಡುಗಿಯರು ಈಗಲೂ ಬಟ್ಟೆಕೋಣೆಯಲ್ಲಿ ನಿಂತು ಅಳುತ್ತಾರೆ, ಅವರನ್ನು ಊಟವಾಯಿತೇ ಎಂದು ಕೇಳುವವರು ಬೇಕು. ಶಿವಪುತ್ರ ಅವರೊಡನೆ ಒಮ್ಮೆ ಕುಮಾಸಿಗೆ ಹೋಗಿ ತಾಯಿಯ ಸಮಾಧಿಗೆ ವಿಭೂತಿ ಹಚ್ಚಿ ಬನ್ನಿ, ಅಕ್ಕನನ್ನೂ ಕರೆದೊಯ್ಯಿರಿ. ಸಮಾರಂಭದ ದಿನ ಕಂಫರ್ಟ್ ಅವರು ವೇದಿಕೆ ಹತ್ತಿ ನಿಮ್ಮ ಸೆರಗಿಗೆ ಅಕ್ಕಿ ಸುರಿಯುವಾಗ ನಾನು ಮೊದಲ ಸಾಲಿನಲ್ಲೇ ಕೂತಿರುತ್ತೇನೆ. ನಿರೂಪಕರು ‘ಫ್ಯಾಮಿಲಿ ಫ್ರೆಂಡ್’ ಎಂದರೆ ಎದ್ದು ನಿಂತು, ಮೈಕಿಲ್ಲದೆಯೇ, ಇಡೀ ಸಭೆಗೆ ಕೇಳುವಂತೆ ತಿದ್ದುತ್ತೇನೆ: ತವರಿನವರು.